ಚೇಂಬರಿಗೆ ಬಡಿದ ಸದ್ದು

ತೊಂಬತ್ತೊಂದರ ರಾಗಿ ಕೊಯ್ಲಿನ ಕಾಲ. ಸೂಲಿಬೆಲೆಯ ನನ್ನ ಶೆಡ್ಡಿನಲ್ಲಿ ಮುನಿವೆಂಕಟಪ್ಪನವರ ಬಾಡಿಗೆ ಕಾರಿನ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುತ್ತಿದ್ದೆ. ಜೊತೆಗಾರ ಚನ್ನರಾಯಪ್ಪ ತೀರಿಕೊಂಡ ಮೇಲೆ ಒಬ್ಬನೇ ಕಟ್ಟಿದ ಮೊದಲ ಎಂಜಿನ್ ಅದು.

“ಇದೇನಾದ್ರೂ ಜಾಮ್ ಆದ್ರೆ ಹೊಸಕೋಟೆಗೇ ಹೋಗ್ತೀನಿ ಕಣಪ್ಪ” ಎಂದಿದ್ದರು ಮುನಿವೆಂಕಟಪ್ಪ. ಚನ್ನರಾಯಪ್ಪ ಹೋದ ಮೇಲೆ ಉಳಿದ ಗಿರಾಕಿಗಳು ಆಗಲೇ ಅತ್ತ ಹೋಗಿದ್ದರು; ಇವರೂ ಹೋದರೆ ಶೆಡ್ಡು ಮುಚ್ಚಬೇಕಿತ್ತು.

ಮಧ್ಯಾಹ್ನ ಕಾರಿನ ಮುಂದೆ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ತಿರುಗಿಸಿದೆ. ಬಿಗಿಯಾಗಿತ್ತು. ಹೊಸ ಪಿಸ್ಟನ್ ರಿಂಗಲ್ಲವೇ, ಸಡಿಲಾಗುತ್ತದೆ ಅಂದುಕೊಂಡು ಇನ್ನೊಮ್ಮೆ ಎಳೆದೆ. ಕಾರಿನ ಕೆಳಗೆ, ಎಣ್ಣೆಯ ಚೇಂಬರಿಗೆ ಸ್ಪ್ಯಾನರಿನಿಂದ ಎರಡು ಸಲ ಬಡಿದ ಸದ್ದಾಯಿತು. ಚನ್ನರಾಯಪ್ಪ ಕೆಳಗೆ ಮಲಗಿ ಹಾಗೆ ಬಡಿದರೆ, ನಿಲ್ಲಿಸು ಅಂತ ಅರ್ಥ. ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಇನ್ನೂ ಸ್ಟಾರ್ಟೇ ಆಗದ ಎಂಜಿನ್ನಿನ ಚೇಂಬರ್ ಮುಟ್ಟಿದರೆ ಬೆಚ್ಚಗಿತ್ತು.

ಬಿಚ್ಚಿದೆ. ಮೂರನೆಯ ಪಿಸ್ಟನ್ನಿನ ಬೇರಿಂಗ್ ಕ್ಯಾಪನ್ನು ಹಿಂದುಮುಂದಾಗಿ ಕೂರಿಸಿದ್ದೆ; ಹಾಗೇ ಓಡಿಸಿದ್ದರೆ ಎಂಜಿನ್ ಜಾಮ್ ಆಗುತ್ತಿತ್ತು. ಅದರ ನಟ್ಟುಗಳು ಮಾತ್ರ ಬೆರಳಿಗೇ ಬಿಚ್ಚಿಕೊಂಡವು. ಎಲ್ಲವನ್ನೂ ನಾನೇ ಬಲವಾಗಿ ಬಿಗಿದಿದ್ದೆ.

ಕ್ಯಾಪನ್ನು ಸರಿಯಾಗಿ ಕೂರಿಸಿದ ಮೇಲೆ ಕಾರು ಹಗುರವಾಗಿ ಓಡಿತು. ಬಂದ ಕೂಲಿಯಲ್ಲಿ ಅರ್ಧವನ್ನು ಚನ್ನರಾಯಪ್ಪನ ಹೆಂಡತಿ ಅಮ್ಮಯಮ್ಮನ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಆಕೆ ದುಡ್ಡನ್ನು ನನ್ನತ್ತಲೇ ಸರಿಸಿದಳು.

“ನನ್ಗ್ಯಾಕಣ್ಣ? ಕೆಲ್ಸ ಮಾಡ್ದೋರೇ ಬಂದು ಈಸ್ಕೊಳ್ಲಿ. ಬಂದ್ರೆ, ಮನೆ ಕಡೆನೂ ಒಂದ್ಸಲ ಬಂದ್ಹೋಗಿ ಅನ್ನಣ್ಣ.”

ದುಡ್ಡು ಶೆಡ್ಡಿನ ಗೂಡಿನಲ್ಲಿದೆ. ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟಿದ್ದೇನೆ. ಇದುವರೆಗೆ ಯಾರೂ ಮುಟ್ಟಿಲ್ಲ.