ಆ ಹಾಡಿನ ಮುಖ

"ಅಧ್ಯಯನ ಮಾಡೋಕೆ ನಾವೇನು ಗಾಜಿನ ಪೆಟ್ಟಿಗೇಲಿರೋ ಚಿಟ್ಟೆಗಳಾ?"

ಲಾಂಡ್ರಿಯ ಹಿಂಬದಿಯ ಕೋಣೆಯ ಬಾಗಿಲಿಗೆ ಕೈ ಅಡ್ಡ ಹಿಡಿದು ಅವಳು ಕೇಳಿದಾಗ ಬಿಳಿಯ ಸಮಾಜಶಾಸ್ತ್ರಜ್ಞ ತಬ್ಬಿಬ್ಬಾದ. ಕಪ್ಪು ಜನರ ಆ ಬಡಾವಣೆಯನ್ನು ಅಲ್ಲಿನ ಹಾಡುಗಳು ಹೇಗೆ ಒಂದಾಗಿ ಹಿಡಿದಿವೆ ಎಂದು ತಿಳಿಯಲು ಬಂದವನು ಅವನು. ಆ ಕೋಣೆಯಲ್ಲಿ ಅಭ್ಯಾಸ ಮಾಡುವ ವಾದ್ಯತಂಡದ ಗಾಯಕಿ ಅವಳು.

ಅವನು ಕೈಯಲ್ಲಿದ್ದ ಡಬ್ಬಿಯಂಥ ರೆಕಾರ್ಡರನ್ನು ಆರಿಸಿ ಚೀಲಕ್ಕೆ ಹಾಕಿದ.

"ಸುಮ್ನೆ ಕೂತು ಕೇಳಬಹುದಾ?"

ಆ ವಿನಯವೇ ಅವಳನ್ನು ಇನ್ನಷ್ಟು ಕೆಣಕಿತು... ಆದರೂ ಅಡ್ಡ ಹಿಡಿದ ಕೈ ಇಳಿಯಿತು.

ಅವಳ ಸಿಟ್ಟಿಗೆ ಕಾರಣವಿತ್ತು. ಅದೇ ಲಾಂಡ್ರಿಯ ಇಸ್ತ್ರಿಯಂತ್ರದ ಮುಂದೆ ಆಯುಷ್ಯ ಸವೆಸಿದ ಅವಳ ಅಮ್ಮ ಯೌವನದಲ್ಲಿ ಹಾಡಿದ ಹಾಡೊಂದು ದೇಶದ ಮನೆಮನೆಯಲ್ಲೂ ಮೊಳಗಿತ್ತು. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಮಾತ್ರ ಬಿಳಿಯ ರೂಪದರ್ಶಿಯೊಬ್ಬಳು ನಗುತ್ತಿದ್ದಳು! ಕಪ್ಪು ಕಂಠ ಬೇಕು, ಕಪ್ಪು ಮುಖ ಬೇಡ. ಇದಕ್ಕೆ ವ್ಯಾಪಾರವೆಂದು ಹೆಸರಿಟ್ಟ ಮಾತ್ರಕ್ಕೆ ಕಳ್ಳತನ ಕಳ್ಳತನವಾಗದೆ ಹೋಗುವುದಿಲ್ಲ.

ಅವನು ವಾರವಾರವೂ ಬಂದ. ಬಡಾವಣೆಯವರು ಆ ರೆಕಾರ್ಡರಿನಿಂದಾಗಿ ಅವನಿಗೆ 'ಡಬ್ಬಿ ಮೇಷ್ಟ್ರು' ಎಂದು ಹೆಸರಿಟ್ಟು ಅವನಿಂದ ಡ್ರಮ್ ಹೊರಿಸಿದರು. ಅವನ ತಾಳ ತಪ್ಪಿದ ಚಪ್ಪಾಳೆಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಒಂದು ದಿನ ಅವನು, ಅಮ್ಮನ ಹಾಡಿನ ಪ್ರತಿ ಸಾಲಿನ ಕೊನೆಯ ಬಿಡುವು ಇಸ್ತ್ರಿಯಂತ್ರದ ಮುಚ್ಚಳ ಮೇಲೇಳುವಷ್ಟು ಹೊತ್ತಿನದಲ್ಲವೇ ಎಂದು ಮೆಲ್ಲಗೆ ಕೇಳಿದ. ಅಮ್ಮನ ಕಣ್ಣು ತುಂಬಿತು. ಅಷ್ಟು ವರ್ಷ ಹಾಡನ್ನು ಮೆಚ್ಚಿದವರಲ್ಲಿ ಒಬ್ಬರಾದರೂ ಅದರೊಳಗಿನ ಆ ಕೆಲಸವನ್ನು ಕೇಳಿಸಿಕೊಂಡಿರಲಿಲ್ಲ.

ಗಾಯಕಿಯ ಎದೆಯಲ್ಲಿ ಏನೋ ಕರಗಿತು...

ಅದು ಮತ್ತೆ ಕಲ್ಲಾಗಲು ಒಂದು ಭಿತ್ತಿಪತ್ರ ಸಾಕಾಯಿತು. ವಿಶ್ವವಿದ್ಯಾಲಯದ ಗೋಡೆಯ ಮೇಲೆ ಅವನ ಉಪನ್ಯಾಸದ ಪ್ರಕಟಣೆ. ಅದರ ನಡುವೆ ಹೊದಿಕೆಯ ಮೇಲಿನ ಅದೇ ಬಿಳಿಯ ನಗು!

'ಇವನೂ ಅವರಲ್ಲೊಬ್ಬನೇ... ಬಾಗಿಲು ಬಿಟ್ಟುಕೊಟ್ಟವಳು ನಾನೇ!'

ತುಂಬಿದ ಸಭೆಯಲ್ಲೇ ಅವನ ನೀರಿಳಿಸಬೇಕೆಂದು ಅವಳು ಹೊರಟಳು. ಸಭಾಂಗಣದ ಬಾಗಿಲು ತಳ್ಳಿದಾಗ ಪರದೆಯ ಮೇಲೆ ಆ ಹೊದಿಕೆಯೇ ಇತ್ತು.

"ಈ ಮುಖ ಹಾಡಲಿಲ್ಲ," ಎನ್ನುತ್ತಿದ್ದ ಅವನು. "ನಾವೆಲ್ಲ ಒಂದು ಸುಳ್ಳನ್ನ ನೋಡ್ತಾ ಹಾಡು ಕೇಳಿದ್ವಿ. ಹಾಡಿದವರು ಇಲ್ಲೇ ಇದ್ದಾರೆ."

ಪರದೆಯ ಮೇಲೆ ಅಮ್ಮನ ಹಳೆಯ ಭಾವಚಿತ್ರ ಮೂಡಿತು. ಮೊದಲ ಸಾಲಿನಿಂದ ಎದ್ದು ನಿಂತವಳೂ ಅಮ್ಮನೇ! ಸುಟ್ಟ ಕಲೆಗಳ ಕೈಗಳನ್ನು ಅವಳು ಮರೆಮಾಡಲಿಲ್ಲ. ತನ್ನ ಹಾಡಿನ ಮೊದಲ ಸಾಲು ಹಾಡಿದಳು. ಬಿಡುವಿನಲ್ಲಿ ಇಡೀ ಸಭೆ ಉಸಿರು ಬಿಗಿಹಿಡಿಯಿತು.

ಹೊರಗೆ ಮೆಟ್ಟಿಲ ಮೇಲೆ ಗಾಯಕಿ ಅವನನ್ನು ತಡೆದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ನಡುವೆ ಬಂದಳು. "ಹಾಡಿದೋಳು ನಾನು ಕಣೇ. ನಿನ್ನನ್ನ ಯಾಕೆ ಕೇಳ್ಬೇಕು? ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ. ಅದಕ್ಕೇ ಇವ್ನಿಗೆ ಹೇಳ್ಬೇಡ ಅಂದಿದ್ದೆ."

ಇಷ್ಟು ಹೇಳಿ, ಬಸ್ಸು ನೋಡುವ ನೆಪದಲ್ಲಿ ಮುಂದೆ ಹೋದಳು. ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಮ್ಮನ ಮಾನವನ್ನು ಇಷ್ಟು ದಿನ ತಾನೇ ಕಾಯುತ್ತಿದ್ದೇನೆಂದು ಅವಳು ಭಾವಿಸಿದ್ದಳು.

"ನಿಮ್ಮನ್ನ ಕೇಳಬೇಕಾದ್ದು ಬೇರೆ ಇದೆ," ಎಂದ ಅವನು.

"ಅಧ್ಯಯನಕ್ಕಾ?"

"ಅಧ್ಯಯನ ಮುಗೀತು. ಆದ್ರೂ ಬರಬೇಕು ಅನ್ಸುತ್ತೆ... ನಿಮಗೋಸ್ಕರ."

ಅವಳು ಅವನ ಚೀಲವನ್ನು ನೋಡಿದಳು.

"ಹಾಗಾದ್ರೆ ಡಬ್ಬಿ ತರಬೇಡಿ."

"ಆಯ್ತು. ಆದ್ರೆ ನನ್ನ ಚಪ್ಪಾಳೆ ಇನ್ನೂ..."

"ಅದನ್ನ ನಾನು ಕಲಿಸ್ತೀನಿ," ಎಂದು ಅವಳು ಅವನ ಕೈ ಹಿಡಿದಳು.