ಕದಲಿಸದೆ ಉಳಿದ ಕಬ್ಬಿಣದಾನೆಗಳು

ಬಹಳ ಹಿಂದೆ, ಕಲ್ಲುಗಳು ಎದ್ದು ನಡೆದಾಡುತ್ತಿದ್ದ ದಿನಗಳು ಮುಗಿದು ಎಷ್ಟೋ ಕಾಲವಾದ ಮೇಲೆ, ತಾರಾಗಿರಿ ಎಂಬ ರಾಜ್ಯದಲ್ಲಿ ವಸುಪಾಲನೆಂಬ ಅರಸನಿದ್ದ. ಒಳ್ಳೆಯವನು, ದೇವರಿಗೆ ಹೆದರುವವನು. ಆದರೆ ದೇವರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿ ಶತ್ರುವಿಗೆ ಹೆದರುತ್ತಿದ್ದ.

ಅವನ ಮುತ್ತಾತನ ಕಾಲದಲ್ಲಿ ಕಲ್ಲುರಕ್ಕಸರು ಊರೂರನ್ನೇ ತುಳಿಯುತ್ತಾ ಬಂದಿದ್ದರು. ಆಗ ಮುತ್ತಾತ ಕಬ್ಬಿಣದ ಆನೆಗಳನ್ನು ಎರಕ ಹೊಯ್ಯಿಸಿ, ಕಾಡಾನೆಗಳ ಜೀವವನ್ನು ಅವುಗಳೊಳಗೆ ಆವಾಹನೆ ಮಾಡಿ, ರಕ್ಕಸರನ್ನು ಸೋಲಿಸಿದ. ರಕ್ಕಸರು ನಾಡಿನ ಅಂಚಿನಲ್ಲಿ ಬಿದ್ದು ಮಲಗಿದರು, ಆನೆಗಳು ಉಳಿದವು. ಕಬ್ಬಿಣದ ಆನೆ ಹುಲ್ಲು ತಿನ್ನುವುದಿಲ್ಲ, ಎಣ್ಣೆ ಕುಡಿಯುತ್ತದೆ. ನಾಡಿನ ಗಾಣಗಳಲ್ಲಿ ಇಳಿದ ಎಣ್ಣೆಯೆಲ್ಲ ಗಜಶಾಲೆಗೇ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಧೂಮಾಕ್ಷನೆಂಬ ಮಾಂತ್ರಿಕ. ಮುತ್ತಾತನ ಕಾಲದಲ್ಲೂ ಅವನೇ, ಈಗಲೂ ಅವನೇ. ಒಂದು ಕೂದಲೂ ನರೆತಿರಲಿಲ್ಲ.

ಗಾಣದ ಹಲಗಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಜವರ, ಗಡಿಯ ಕಣಿವೆಯಲ್ಲಿ ಕಾವಲಿಗಿದ್ದ. ಚಿಕ್ಕವನು ಕೆಂಚ, ಗಾಣ ಹೊಡೆಯುತ್ತಿದ್ದ. ಆ ವರ್ಷ ಕಣಿವೆಗೆ ಮಂಜಿನ ಹುಲಿಗಳು ಇಳಿಯತೊಡಗಿದವು. ಮಂಜಿನ ಹುಲಿಗೆ ಈಟಿ ನಾಟುವುದಿಲ್ಲ, ಬೆಂಕಿ ಕಂಡರೆ ಮಾತ್ರ ಓಡುತ್ತದೆ. ಕಾವಲಿನವರ ಪಂಜಿಗೆ ಎಣ್ಣೆಯೇ ಇರಲಿಲ್ಲ. ಜವರ ಹೇಳಿಕಳಿಸಿದ: "ತಮ್ಮಾ, ಪಕ್ಕದ ಹಟ್ಟಿಯವರನ್ನು ಹುಲಿ ಎಳೆದುಕೊಂಡು ಹೋಯಿತು. ಇನ್ನು ನಮ್ಮ ಸರದಿ. ಎಲ್ಲಾದರೂ ಎಣ್ಣೆ ಸಿಕ್ಕರೆ ನೋಡು."

ಕೆಂಚ ಕೈ ತೊಳೆದುಕೊಂಡು, ದೇವರಿಗೆ ನಮಸ್ಕಾರ ಹಾಕಿ, ಅರಮನೆಗೆ ಹೋದ.

"ಮಹಾಸ್ವಾಮಿ, ಆನೆಗಳ ಎಣ್ಣೆಯಲ್ಲಿ ಒಂದು ಪಾಲು ನಮ್ಮಣ್ಣ ಕಾಯುವ ಕಣಿವೆಗೆ ಕಳಿಸಬೇಕು, ಹುಲಿ ಓಡಿಸುವ ಪಂಜಿಗೆ."

ಧೂಮಾಕ್ಷ ನಕ್ಕ. "ಗಾಣದ ಎತ್ತು ಆಸ್ಥಾನಕ್ಕೇ ಬಂತಲ್ಲ. ಲೋ, ಆನೆ ಹಸಿದರೆ ಕಲ್ಲುರಕ್ಕಸರು ಏಳುತ್ತಾರೆ. ನಿಮ್ಮಣ್ಣ ಪಂಜು ತೋರಿಸಿ ಓಡಿಸುತ್ತಾನೇನು?"

ಅರಸನಿಗೆ ಇಬ್ಬರ ಮಾತೂ ಸರಿಯೆಂದೇ ಕಂಡಿತು. "ಮೂರು ಪರೀಕ್ಷೆ ಆಗಲಿ," ಎಂದ. "ಗೆದ್ದರೆ ಎಣ್ಣೆ ನಿನ್ನದು, ಹುಡುಗಾ."

"ಮೊದಲು ಕಲ್ಲುರಕ್ಕಸರ ಹತ್ತಿರ ಹೋಗಿ, ಅವರ ಮೂಗಿನೊಳಗಿರುವುದನ್ನು ತಾ," ಎಂದ ಧೂಮಾಕ್ಷ.

ಕೆಂಚ ನಡೆದ. ನಡೆದೂ ನಡೆದೂ ನಾಡಿನ ಅಂಚಿಗೆ ಬಂದ. ಅಲ್ಲಿ ರಕ್ಕಸರು ಸಾಲಾಗಿ ಮಲಗಿದ್ದರು. ಹೊಟ್ಟೆಯ ಮೇಲೆ ಹುಲ್ಲು ಬೆಳೆದಿತ್ತು, ಹುಲ್ಲಿನ ಮೇಲೆ ಕುರಿ ಮೇಯುತ್ತಿದ್ದವು.

"ಅಜ್ಜಿ, ಇವರು ಏಳುವುದುಂಟೇ?" ಎಂದು ಕುರಿ ಕಾಯುವವಳನ್ನು ಕೇಳಿದ.

"ಏಳುವುದೆಲ್ಲಿ ಬಂತು ಮಗ. ನಾನು ಇವನ ಕಿವಿಯೊಳಗೇ ಸಂಸಾರ ಮಾಡಿದವಳು. ಮಗ್ಗುಲು ಸಹ ಬದಲಿಸಿಲ್ಲ."

ರಕ್ಕಸನ ಮೂಗಿನಲ್ಲಿ ಜೇನು ಕಟ್ಟಿತ್ತು. ಕೆಂಚ ಹುಟ್ಟನ್ನು ತಂದು ಅರಸನ ಮುಂದಿಟ್ಟ. ಅರಸ ರುಚಿ ನೋಡಿ, "ಮೂಗಿನಲ್ಲಿ ಜೇನು ಕಟ್ಟಿದರೂ ಸೀನದವನು ಇನ್ನೆಲ್ಲಿ ಏಳುತ್ತಾನೆ?" ಎಂದ.

"ರಕ್ಕಸರಿಲ್ಲದಿದ್ದರೆ ಹುಲಿಗಳಿವೆಯಲ್ಲ," ಎಂದ ಧೂಮಾಕ್ಷ. "ಆನೆಯನ್ನು ಕಣಿವೆಗೆ ಹೊಡೆಸಿ. ಯಾರು ಹುಲಿ ಓಡಿಸುತ್ತಾರೋ ನೋಡೇಬಿಡೋಣ."

ಒಂದು ಆನೆ ಹೊರಟಿತು, ಹಿಂದೆ ಅರಸನ ಪಲ್ಲಕ್ಕಿಯೂ ಹೊರಟಿತು. ಕೆಂಚ ಹೊರಡುವಾಗ ಹಲಗಮ್ಮ ತಲೆಗೆ ಹಚ್ಚಲೆಂದು ಸೋರೆಬುರುಡೆಯಲ್ಲಿ ಬಚ್ಚಿಟ್ಟಿದ್ದ ಎಣ್ಣೆಯನ್ನು ಅವನಿಗೆ ಕೊಟ್ಟಳು. "ನಿಮ್ಮಣ್ಣನಿಗೆ ಕೊಡು. ತಲೆ ಒರಟಾದರೆ ಆಗಲಿ ಬಿಡು."

ಸಂಜೆ ಮಂಜಿನ ಹುಲಿಗಳು ಇಳಿದವು. ಆನೆ ಘೀಳಿಟ್ಟು ನುಗ್ಗಿತು. ಹುಲಿ ಅದರ ದಂತಗಳ ನಡುವೆಯೇ ಹಾದುಹೋಯಿತು. ಆನೆ ತಿರುಗಲಾರದೆ ಹಳ್ಳಕ್ಕೆ ಜಾರಿ ಕೂತಿತು. ಹುಲಿ ಅರಸನ ಪಲ್ಲಕ್ಕಿಗೇ ಹಾರಿತು. ಅಷ್ಟರಲ್ಲಿ ಜವರ ಪಂಜು ಹೊತ್ತಿಸಿಕೊಂಡು ಅಡ್ಡ ಬಂದ. ಹುಲಿ ಆವಿಯಾಗಿ ಓಡಿತು. ಪಂಜಿನ ಬೆಳಕಿನಲ್ಲಿ ಅರಸನಿಗೆ ಕಂಡದ್ದು ಕಾವಲಿನವರ ಹರಿದ ಕಂಬಳಿ, ಒಡೆದ ಹಿಮ್ಮಡಿ.

"ಇವರಿಗೆ ಏನೇನೂ ಹೋಗುತ್ತಿಲ್ಲವೇ?" ಎಂದ.

"ಆನೆಗೆ ಆಗಿ ಉಳಿದದ್ದು ಬರುತ್ತದೆ, ಒಡೆಯಾ," ಎಂದ ಜವರ. "ಉಳಿಯುವುದಿಲ್ಲ, ಅಷ್ಟೆ."

ಧೂಮಾಕ್ಷನ ಮುಖ ಸಿಟ್ಟಿನಿಂದ ಕಪ್ಪಿಟ್ಟಿತು. "ಮೂರನೆಯದು ಬಾಕಿಯಿದೆ. ಈ ಗಾಣದವನು ಬರಿಗೈಯಲ್ಲಿ ಗಜಶಾಲೆಗೆ ಹೋಗಿ ಜೀವಂತ ಬರಲಿ." ಎಣ್ಣೆಯಿಲ್ಲದೆ ಒಳಗೆ ಹೋದವರು ಯಾರೂ ಹೊರಗೆ ಬಂದಿರಲಿಲ್ಲ.

ಕೆಂಚ ಒಳಗೆ ಹೋದ. ಆನೆಗಳು ಕಾಲೆತ್ತಿದವು. ಅವನು ಓಡಲಿಲ್ಲ. ಹಿರಿಯಾನೆಯ ಹಣೆ ನೋಡಿದ. ವರ್ಷವರ್ಷದ ಆಯುಧಪೂಜೆಯ ಕುಂಕುಮ ಪದರಪದರವಾಗಿ ಕಟ್ಟಿತ್ತು. ಅದರ ಕೆಳಗೆ ಕಣ್ಣು ದಣಿದಿತ್ತು.

"ಎಷ್ಟು ಕಾಲವಾಯಿತು ತಾಯಿ, ನೀನು ಕೂತು ದಣಿವಾರಿಸಿ?" ಎಂದ.

ಎತ್ತಿದ ಕಾಲು ಇಳಿಯಿತು. "ಕರೆದರು, ಬಂದೆವು," ಎಂದಿತು ಹಿರಿಯಾನೆ. "ಹೋಗಿ ಬಾ ಎಂದು ಯಾರೂ ಹೇಳಲಿಲ್ಲ. ನಾವು ಕುಡಿಯುವ ಎಣ್ಣೆ ಪಾದದಿಂದ ಸೋರಿ ನೆಲದಡಿ ಹರಿಯುತ್ತದೆ. ಅಲ್ಲಿ ಧೂಮಾಕ್ಷನ ಆಯುಸ್ಸಿನ ದೀಪ ಉರಿಯುತ್ತಿದೆ. ನಮಗೆ ನಮ್ಮ ಕಾಡು ಬೇಕು, ಮಗು."

ಕೆಂಚನಿಗೆ ಅವ್ವನ ನೆನಪಾಯಿತು. ಮನೆಯಲ್ಲಿ ಪೂಜೆ ಮುಗಿದ ಮೇಲೆ ಅವಳು ಕಲಶಕ್ಕೆ ಅಕ್ಷತೆ ಹಾಕಿ, ಬಡಗಣಕ್ಕೆ ಒಂದಿಷ್ಟು ಕದಲಿಸಿ, "ಹೋಗಿ ಬಾರಮ್ಮ" ಎನ್ನುತ್ತಿದ್ದಳು. ಕದಲಿಸದೆ ಬಿಟ್ಟರೆ ದೇವರನ್ನು ಕಟ್ಟಿಹಾಕಿದಂತೆ. ಅರಮನೆಯವರು ಆನೆ ಹೊರಟುಹೋದೀತೆಂಬ ಭಯಕ್ಕೆ ಆ ಒಂದನ್ನೇ ಬಿಟ್ಟಿದ್ದರು.

ಅವನು ಜೀವಂತ ಹೊರಗೆ ಬಂದು ಎಲ್ಲವನ್ನೂ ಹೇಳಿದ. "ಮಹಾಸ್ವಾಮಿ, ಕರೆದ ಮನೆಯವರೇ ಕದಲಿಸಬೇಕು. ನನ್ನ ಕೈಯಿಂದ ಆಗದು."

"ಕದಲಿಸಿದಿರೋ, ರಾಜ್ಯ ಬತ್ತಲೆ," ಎಂದು ಧೂಮಾಕ್ಷ ಕೂಗಿದ.

ಅರಸ ಹುಡುಗನ ಕಡೆ ತಿರುಗಿದ. "ಕೆಂಚಾ, ನಾಳೆ ಯಾರಾದರೂ ಬಂದರೆ?"

"ನಾಡಿನ ಬಾಗಿಲಲ್ಲಿ ನಮ್ಮಣ್ಣ ಇದ್ದಾನೆ, ಒಡೆಯಾ. ಅವನ ಕೈಗೆ ಬೆಂಕಿ ಕೊಡಿ."

ಅರಸ ಮಡಿಯುಟ್ಟು ಬಂದ. ಒಂದೊಂದು ಆನೆಗೂ ಅಕ್ಷತೆ ಹಾಕಿದ. ಪಾದ ಮುಟ್ಟಿ ಬಡಗಣಕ್ಕೆ ತಳ್ಳಿದ. "ನಮ್ಮ ಹಿರಿಯರನ್ನು ಕಾದಿರಿ. ಋಣ ತೀರಿತು. ಹೋಗಿ ಬನ್ನಿ," ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು.

ಕಬ್ಬಿಣದೊಳಗಿಂದ ಕಾಡಾನೆಗಳು ನೆರಳಿನಂತೆ ಎದ್ದು, ಮರಿಗಳನ್ನು ಮುಂದೆ ಬಿಟ್ಟುಕೊಂಡು ಬೆಟ್ಟದ ಕಡೆ ನಡೆದವು. ನೆಲದಡಿಯ ದೀಪ ಆರಿತು. ಧೂಮಾಕ್ಷ ನಿಂತಲ್ಲೇ ಹಣ್ಣುಹಣ್ಣು ಮುದುಕನಾಗಿ, ಕೋಲಿಗಾಗಿ ಗಾಳಿಯಲ್ಲಿ ತಡಕಾಡಿದ. ಮಗನನ್ನು ಹುಡುಕಿಕೊಂಡು ಬಂದಿದ್ದ ಹಲಗಮ್ಮ ಅವನ ಕೈ ಹಿಡಿದಳು. "ಬಾರಪ್ಪ, ಗಂಜಿ ಕುಡಿಯುವಿಯಂತೆ. ಇಷ್ಟು ವರ್ಷ ಸಾಯದೆ ನಿನಗೂ ಸಾಕಾಗಿರಬೇಕು." ಮುದುಕ ಅವಳ ಹಿಂದೆ ನಡೆದ.

ಉಳಿದ ಕಬ್ಬಿಣವನ್ನು ಕಮ್ಮಾರರು ಕರಗಿಸಿ ಕೆರೆಯ ತೂಬಿಗೆ ಬಾಗಿಲು ಮಾಡಿದರು, ಉಳುವವರಿಗೆ ನೇಗಿಲ ಗುಳ ಮಾಡಿದರು. ಎಣ್ಣೆ ಕಣಿವೆಗೆ ಹೋಯಿತು, ಮಂಜಿನ ಹುಲಿಗಳು ಮತ್ತೆ ಇಳಿಯಲಿಲ್ಲ. ಜವರ ಹೊಸ ಕಂಬಳಿ ಹೊದ್ದು ಮನೆಗೆ ಬಂದಾಗ ಅವ್ವ ಮೊದಲು ಅವನ ತಲೆಗೆ ಎಣ್ಣೆ ಒತ್ತಿದಳು.

ತಾರಾಗಿರಿಯಲ್ಲಿ ಆಯುಧಪೂಜೆ ಈಗಲೂ ನಡೆಯುತ್ತದೆ. ಪೂಜೆಯಾದ ಮೇಲೆ ಅರಸನಾದವನು ಒಂದೊಂದು ಆಯುಧವನ್ನೂ ಮುಟ್ಟಿ, "ನಿನ್ನ ಕೆಲಸ ಇನ್ನೂ ಉಂಟೋ, ಮುಗಿಯಿತೋ?" ಎಂದು ಕೇಳುತ್ತಾನೆ. ಮುಗಿದದ್ದನ್ನು ಕದಲಿಸುತ್ತಾನೆ. ಆಮೇಲೆ ಮನೆಮನೆಯಲ್ಲೂ ದೀಪ ಹಚ್ಚುತ್ತಾರೆ, ಆ ಬೆಳಕಿನಲ್ಲಿ ಎಲ್ಲರೂ ನೆಮ್ಮದಿಯಾಗಿ ಉಣ್ಣುತ್ತಾರೆ.