ಎಡಗೈ ಕುಂಕುಮ

"ತಗೋರಿ…"

ಉಡಿ ಸಾಮಾನಿನ ಮಳಿಗೆಯ ಹಲಗೆಯಾಚೆಯಿಂದ ಒಂದು ಕೈ ಮುಂದೆ ಬಂತು. ಕೈಯಲ್ಲಿ ಕುಂಕುಮದ ಪೊಟ್ಟಣ.

ತೆಗೆದುಕೊಳ್ಳಲು ಕೈ ಚಾಚಿದ ತನುಶ್ರೀ ಅಲ್ಲೇ ತಡೆದಳು.

ಎಡಗೈ!

ವೈರಿಗೂ ಯಾರೂ ಎಡಗೈಯಲ್ಲಿ ಕುಂಕುಮ ಕೊಡುವುದಿಲ್ಲ. ಅದರಲ್ಲೂ ಊರಮ್ಮನ ಹಬ್ಬದ ದಿನ, ದೇವಿಗೆ ಉಡಿ ತುಂಬಲು ಬಂದ ಹೆಣ್ಣುಮಗಳಿಗೆ! ಎಷ್ಟು ಸೊಕ್ಕು ಇವನಿಗೆ ಎಂದುಕೊಂಡು ಸಿಟ್ಟಿನಿಂದ ತಲೆಯೆತ್ತಿದಳು.

ಅಂಜನ್…

ಇಷ್ಟು ಹೊತ್ತು ಬೆನ್ನು ಹಾಕಿ ಚೀಲದಲ್ಲಿ ಏನೋ ಹುಡುಕುತ್ತಿದ್ದವನು ಇವನೇನಾ? ಕೆನ್ನೆ ಒಳಗೆ ಹೋಗಿದೆ. ಗಡ್ಡ ಬಂದಿದೆ. ಬಲ ಹೆಗಲ ಮೇಲೊಂದು ಟವೆಲ್ ಇಳಿಬಿದ್ದಿದೆ. ಆದರೆ ಕಣ್ಣುಗಳು ಅವೇ. ಆ ಕಣ್ಣನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

ಅವನೂ ಬೆಚ್ಚಿದ. ಆದರೆ ಚಾಚಿದ ಕೈ ಹಿಂದೆಗೆಯಲಿಲ್ಲ.

"ಬಲಗೈಲಿ ಕೊಡು," ಎಂದಳು ತನುಶ್ರೀ.

"ಬೇಕಿದ್ರೆ ತಗೋರಿ. ಇಲ್ಲಾಂದ್ರೆ ಮುಂದಿನ ಅಂಗ್ಡಿಗೆ ಹೋಗ್ರಿ."

ಹೋಗ್ರಿ! 'ತನು' ಎಂದು ಕರೆಯುತ್ತಿದ್ದ ಬಾಯಿ ಈಗ ಗಿರಾಕಿಯೊಂದಿಗೆ ಮಾತಾಡಿದ ಹಾಗೆ 'ಹೋಗ್ರಿ' ಎನ್ನುತ್ತಿದೆ.

"ಕೈಬಿಟ್ಟು ಹೋಗಿದ್ದು ಸಾಲಲಿಲ್ಲೇನು? ಅವಮಾನಾನೂ ಮಾಡ್ಬೇಕಾ?"

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ರಟ್ಟೆ ಹಿಡಿದು ಎಳೆದರು. ಗುರುಶಾಂತಮ್ಮ, ಅವಳ ಸೋದರತ್ತೆ. ತಾಯಿಯಿಲ್ಲದ ತನುಶ್ರೀಯನ್ನು ಸಾಕಿ ಬೆಳೆಸಿದವರು. ಗಂಡ ತೀರಿಹೋದವಳು ಉಡಿ ಸಾಮಾನು ಮುಟ್ಟಬಾರದು, ನೀನೇ ಆರಿಸಿಕೋ ಎಂದು ದೂರ ನಿಂತಿದ್ದವರು ಈಗ ಬಿಳಿಚಿದ ಮುಖ ಹೊತ್ತು ಓಡಿ ಬಂದಿದ್ದರು.

"ಇಲ್ಲಿ ಬ್ಯಾಡ ಬಾರೇ! ಬೇರೆ ಕಡೆ ತಗಂಡ್ರಾತು. ನಡಿ, ನಡಿ!"

ಹರಿಹರದ ಆ ಬೀದಿಯ ತುಂಬ ಮಳಿಗೆಗಳು. ಮಿರ್ಚಿ ಕರಿಯುವ ಹೊಗೆ, ಪೀಪಿಯ ಸದ್ದು, ಸ್ಟೀಲ್ ಪಾತ್ರೆಯವನ ಕೂಗು. ದಾವಣಗೆರೆಯಿಂದ ಬೆಳಗ್ಗೆಯೇ ಬಸ್ಸು ಹತ್ತಿ ಬಂದಿದ್ದು ಇದನ್ನೆಲ್ಲ ನೋಡಿ, ಬೇಕಾದ್ದು ಕೊಂಡು, ದೇವಿಗೆ ಉಡಿ ಕೊಟ್ಟು ಹೋಗಲು. ಬರುವ ಭಾನುವಾರ ತನುಶ್ರೀಯ ನಿಶ್ಚಿತಾರ್ಥ. ಹುಡುಗ ವೀರೇಶ್, ಹಾರ್ಡ್‌ವೇರ್ ಅಂಗಡಿಯವನು. ಒಳ್ಳೆಯವನೇ. ಕೆಟ್ಟವನಾಗಿದ್ದರೆ ಬೇಡ ಎನ್ನುವುದಾದರೂ ಸುಲಭವಿತ್ತು! ಅಪ್ಪ ಕೇಳಿದಾಗ ಅವಳು 'ನಿಮ್ಮಿಷ್ಟ' ಎಂದಿದ್ದಳು. ಮನಸ್ಸು ಸತ್ತವರ ಬಾಯಿಗೆ ಬರುವ ಮಾತೇ ಅದು.

ಅತ್ತೆಯ ಹಿಂದೆ ಕಾಲೆಳೆಯುತ್ತಾ ನಡೆದಳು. ಸರದ ಅಂಗಡಿ, ಕ್ಲಿಪ್ಪಿನ ಅಂಗಡಿ… ಯಾವುದೂ ಕಣ್ಣಿಗೆ ಕಾಣಲಿಲ್ಲ.

ಅವಳು ದಾವಣಗೆರೆಯ ಪಿ.ಜೆ. ಬಡಾವಣೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಅಂಜನ್ ಅದೇ ಊರಿನ ಆನೆಕೊಂಡದವನು, ಊರಂಚಿನ ಕರೂರಿನ ಸಣ್ಣ ಕಾರ್ಖಾನೆಯೊಂದರ ಕೆಲಸಗಾರ. ಕಣ್ಣಿಗೆ ಕಬ್ಬಿಣದ ಚೂರು ಸಿಡಿದು ಬಂದಿದ್ದ. ವಾಸಿಯಾದ ಮೇಲೂ 'ಇನ್ನೂ ಉರೀತೈತ್ರಿ' ಎಂದು ಬರುತ್ತಲೇ ಇದ್ದ. ಕಳ್ಳ!

ಹಿಂದಿನ ಸಲ ದಾವಣಗೆರೆಯ ದುಗ್ಗಮ್ಮನ ಹಬ್ಬದಲ್ಲಿ ಇಬ್ಬರೂ ಹೀಗೇ ಮಳಿಗೆ ಸುತ್ತಿದ್ದರು. ಬೇರೆ ಹುಡುಗರು ಬಳೆ, ಸರ ತೋರಿಸಿದರೆ ಇವನು ಕಬ್ಬಿನ ಹಾಲಿನ ಮಷಿನ್ನಿನ ಮುಂದೆ ನಿಂತು, "ನೋಡು ತನು, ಈ ಗೇರ್ ಥರದ್ದೇ ನಾನೂ ಮಾಡ್ತೀನಿ," ಎಂದು ಎದೆ ಉಬ್ಬಿಸಿದ್ದ. ಅಲ್ಲೇ, ಜನರ ನಡುವೆಯೇ, ಅವಳ ಅಂಗೈ ಮೇಲೆ ಬಲಗೈ ಇಟ್ಟಿದ್ದ.

"ಭಾಷೆ ಕೊಡ್ತೀನಿ. ಸೋಮವಾರ ನಮ್ಮಪ್ಪನ್ನ ಕರ್ಕಂಡು ನಿಮ್ಮನೆಗೆ ಬರ್ತೀನಿ. ಜಾತಿ ಅಂತಾರೆ, ಬೈತಾರೆ… ಬೈಲಿ. ಬಾಗ್ಲಲ್ಲೇ ಕೂತಿರ್ತೀನಿ."

ಸೋಮವಾರ ಬಂತು. ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಆನೆಕೊಂಡಕ್ಕೆ ಹೋದರೆ ಮನೆಗೆ ಬೀಗ. ಆಮೇಲೊಂದು ದಿನ ಅವನ ತಂಗಿ ಅಂಬಿಕಾಳಿಂದ ಮೆಸೇಜು: 'ಅಣ್ಣನ್ನ ಮರೆತುಬಿಡ್ರಿ ಅಕ್ಕ.' ಅವಳ ಕಣ್ಣೀರನ್ನೆಲ್ಲ ಒರೆಸಿದವರು ಈ ಅತ್ತೆಯೇ.

"ಬಾಯಾರಿಕೆ ಆಗೈತೆ, ಕಬ್ಬಿನ ಹಾಲು ಕುಡಿಯೋಣ ಅತ್ತೆ," ಎಂದಳು ತನುಶ್ರೀ. ಅವನ ನೆನಪನ್ನು ಅಲ್ಲೇ ನಿಂತು ಕುಡಿದು ಮುಗಿಸಬೇಕೆನಿಸಿತ್ತು.

ಮಷಿನ್ ಗರಗರ ತಿರುಗುತ್ತಿತ್ತು. ಕಬ್ಬು ಒಳಗೆ ಹೋಗಿ ಸಿಪ್ಪೆಯಾಗಿ ಹೊರಬರುತ್ತಿತ್ತು. ಗುರುಶಾಂತಮ್ಮ ಮುಖ ತಿರುಗಿಸಿದರು.

"ಬ್ಯಾಡ… ನಂಗೆ ಅದನ್ನ ನೋಡೋಕಾಗಲ್ಲ. ನಾನು ಗುಡಿ ಸಾಲಿನಾಗೆ ನಿಂತಿರ್ತೀನಿ, ನೀನು ಸಾಮಾನು ತಗಂಡು ಬೇಗ ಬಾ."

ಇದೇನಿದು? ಕಬ್ಬಿನ ಹಾಲೆಂದರೆ ಪ್ರಾಣ ಬಿಡುವ ಅತ್ತೆ! ಆದರೆ ತನುಶ್ರೀ ಅದನ್ನು ಹೆಚ್ಚು ಯೋಚಿಸಲಿಲ್ಲ. ಅವಳ ತಲೆಯಲ್ಲಿ ಆ ಎಡಗೈ ಒಂದೇ ಉರಿಯುತ್ತಿತ್ತು. 'ಇಷ್ಟು ದಿನ ಅತ್ತಿದ್ದು ಇಂಥವನಿಗಾ? ಒಂದು ಮಾತು ಕೇಳಲೇಬೇಕು. ಕೇಳಿಯೇ ಭಾನುವಾರ ಉಂಗುರ ಹಾಕಿಸಿಕೊಳ್ತೀನಿ!'

ಗಿರಕ್ಕನೆ ತಿರುಗಿ ಬಂದ ದಾರಿಯಲ್ಲೇ ನಡೆದಳು.

ಮಳಿಗೆಯ ಮುಂದೆ ಜಗಳ ಹತ್ತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸೊಬ್ಬಳು ಕುಂಕುಮದ ಪೊಟ್ಟಣವನ್ನು ಅಂಜನನ ಎದೆಗೆ ಎಸೆದಳು. ಪೊಟ್ಟಣ ಒಡೆದು ಅವನ ಅಂಗಿಯೆಲ್ಲ ಕೆಂಪಾಯಿತು.

"ಮುತ್ತೈದೆಗೆ ಎಡಗೈಲಿ ಕುಂಕುಮ ಕೊಡ್ತೀಯಲ್ಲೋ! ಅಪ್ಪ ಅವ್ವ ಇಷ್ಟೂ ಕಲಿಸಿಲ್ಲೇನೋ ನಿಂಗೆ?"

ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದರು. ಬೈಗುಳಕ್ಕೆ ಟಿಕೆಟಿಲ್ಲ ನೋಡಿ, ಜನ ಬೇಗ ಸೇರುತ್ತಾರೆ.

ಅಂಜನ್ ಹೆಗಲ ಮೇಲಿನ ಟವೆಲ್ ತೆಗೆದು ಹಲಗೆಯ ಮೇಲಿಟ್ಟ. ಬಲತೋಳನ್ನು ಮುಂದೆ ಹಿಡಿದ. ಮೊಣಕೈಯಿಂದ ಸ್ವಲ್ಪ ಕೆಳಗೆ ಅದು ಮುಗಿದುಹೋಗಿತ್ತು.

"ಇದ್ದಿದ್ರೆ ಅದರಲ್ಲೇ ಕೊಡ್ತಿದ್ದೆ ಅಮ್ಮಾರೆ. ತಂಗಿ ಚಾ ತರೋಕೆ ಹೋಗ್ಯಾಳೆ. ಅವಳು ಬರೋವರ್ಗೂ ನಿಲ್ರಿ, ಅವಳ ಕೈಲೇ ಕೊಡಿಸ್ತೀನಿ."

"ಅಯ್ಯೋ ನನ್ನವ್ವಾ…" ಎಂದಳು ಹೆಂಗಸು. ನಿಂತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು.

ತನುಶ್ರೀ ಮಾತ್ರ ಕದಲಲಿಲ್ಲ. ಗುರುತಿಲ್ಲದ ಹೆಂಗಸಿಗೆ ತೋರಿಸಿದನಲ್ಲ… ನನಗೆ ತೋರಿಸಲಿಲ್ಲ. ನಾನು ಅಷ್ಟು ಬೈದರೂ ಟವೆಲ್ ತೆಗೆಯಲಿಲ್ಲ!

ಅವನು ತಲೆಯೆತ್ತಿ ನೋಡಿದ. ಗಡಬಡಿಸಿ ಟವೆಲಿಗೆ ಕೈಹಾಕಿದ.

"ಬ್ಯಾಡ!" ಎಂದು ಚೀರಿದಳು. "ಮುಚ್ಚಬ್ಯಾಡ! ಯಾವಾಗ ಆಗಿದ್ದು?"

ಚಹಾ ಹಿಡಿದು ಬಂದ ಅಂಬಿಕಾ ಹೇಳಿದಳು.

"ನಿಮ್ಮನೆಗೆ ಬರೋ ಹಿಂದಿನ ದಿನ, ಅಕ್ಕ. ಭಾನುವಾರ ರಜಾ. ಸೋಮವಾರ ರಜಾ ಬೇಕು ಅಂದಿದ್ದಕ್ಕೆ ಭಾನುವಾರ ಬಂದು ಕೆಲ್ಸ ಮುಗಿಸು ಅಂದ್ರಂತೆ. ಪ್ರೆಸ್ ಮಷಿನ್ನು…"

"ಅಂಬಿಕಾ, ಸಾಕು," ಎಂದ ಅಂಜನ್.

ನನಗಾಗಿ ಕೇಳಿದ ರಜೆ! ತನುಶ್ರೀ ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಹೇಳಿದ್ರೆ ನಾನು ಓಡಿಹೋಗ್ತಿದ್ನಾ? ಯಾಕ ಹೇಳ್ಲಿಲ್ಲ? ಯಾಕ?"

"ನಾನೇ ಹೇಳಬ್ಯಾಡ ಅಂದಿದ್ದು."

ಹಿಂದೆ ಗುರುಶಾಂತಮ್ಮ ನಿಂತಿದ್ದರು. ತನುಶ್ರೀ ಬಾರದ್ದು ಕಂಡು ಸಾಲು ಬಿಟ್ಟು ಬಂದಿದ್ದರು.

"ನಿನ್ ಕ್ಲಿನಿಕ್ಕಿಗೆ ಈ ಅಂಬಿಕಾ ಹುಡುಕ್ಕಂಡು ಬಂದಾಗ ನಾನು ನಿಂಗೆ ಬುತ್ತಿ ತಂದಿದ್ದೆ. ನೀನು ಒಳಗಿದ್ದೆ. ವಿಷಯ ಕೇಳ್ಕಂಡು ಅವಳನ್ನ ಹಂಗೇ ಕಳಿಸ್ದೆ. ಆಸ್ಪತ್ರೆಗೂ ಹೋದೆ. 'ನಮ್ ತನು ಕೈ ಹಿಡಿಯೋಕೆ ನಿಂಗೆ ಕೈ ಎಲ್ಲೈತಪ್ಪಾ' ಅಂದೆ. ಅಂದಿದ್ದು ನಾನೇ. ಈ ಬಾಯೇ."

ಅತ್ತೆ ಯಾಕೆ ಕಬ್ಬಿನ ಮಷಿನ್ ನೋಡಲಿಲ್ಲವೆಂದು ತನುಶ್ರೀಗೆ ಈಗ ಅರ್ಥವಾಯಿತು.

"ಹೆಂಗೆ ಮನಸ್ಸು ಬಂತು ಅತ್ತೆ? ನಾನು ಅಳೋದನ್ನ ನೋಡ್ಕಂಡು ಕೂತಿದ್ರಲ್ಲ!"

"ನಿಮ್ಮ ಮಾವ ಲಾರಿಯಿಂದ ಬಿದ್ದು ಹಾಸಿಗೆ ಹಿಡಿದಾಗ ನಂಗೆ ನಿನ್ನಷ್ಟೇ ವಯಸ್ಸು!" ಅವರ ದನಿ ಒಡೆಯಿತು. "ತೊಳೆದೆ, ಉಣ್ಣಿಸಿದೆ, ಎತ್ತಿದೆ. ಕೊನೆಗೆ ಅವರೇ ನನ್ನ ನೋಡಿದ್ರೆ ಉರಿದು ಬೀಳ್ತಿದ್ರು. ಪ್ರೀತಿ ಅನ್ನೋದು ಮೊದ್ಲು ಸಾಯ್ತೈತೆ ತನೂ, ಆಮೇಲೆ ಮನುಷ್ಯ. ನಾನು ಉಂಡಿದ್ದು ನೀನು ಉಣ್ಣಬಾರ್ದು ಅಂತ ಮಾಡ್ದೆ. ತಪ್ಪಾ?"

ತಪ್ಪು ಎನ್ನಲೂ ಆಗದು, ಸರಿ ಎನ್ನಲೂ ಆಗದು. ಬಿಸಿ ತುಪ್ಪದಂಥ ಮಾತು ಅದು.

"ಅತ್ತೆಯವರು ಹೇಳಿದ್ದು ಸುಳ್ಳಲ್ಲ," ಎಂದ ಅಂಜನ್, ನೆಲ ನೋಡುತ್ತಾ. "ಅಂಗಿ ಗುಂಡಿ ಹಾಕಾಕೂ ತಂಗಿ ಬೇಕು ನಂಗೆ. ಒಂದೊಂದಿನ ಸಿಟ್ಟು ಬಂದು ತಟ್ಟೆ ಒದ್ದೀನಿ. ಹೋಗ್ರಿ. ಭಾನುವಾರ ಚೆನ್ನಾಗಿ ಆಗ್ಲಿ."

"ಭಾನುವಾರದ ಸುದ್ದಿ ನಿಂಗೆ ಹೆಂಗೆ ಗೊತ್ತು?"

ಅವನು ತುಟಿ ಕಚ್ಚಿಕೊಂಡ. ಕ್ಲಿನಿಕ್ಕಿನ ಎದುರಿನ ಚಹಾದಂಗಡಿಯಲ್ಲಿ ಆಗಾಗ ಕೂತು ಬರುತ್ತಿದ್ದುದನ್ನು ಹೇಳುವುದು ಹೇಗೆ? ಆದರೆ ಅಂಬಿಕಾ ತಲೆ ತಗ್ಗಿಸಿದ್ದು ನೋಡಿ ತನುಶ್ರೀಗೆ ಅರ್ಧ ತಿಳಿಯಿತು.

ಗುರುಶಾಂತಮ್ಮ ಅವಳ ಕೈ ಹಿಡಿದರು. "ಬಾ ತನೂ. ನೀನಿಲ್ಲಿ ನಿಂತ್ರೆ ನಿಮ್ಮಪ್ಪ ಬಾಗ್ಲು ಹಾಕ್ತಾನೆ. ಅದನ್ನ ತೆಗಿಸೋಕೆ ನನ್ ಕೈಲೂ ಆಗಲ್ಲ."

ತನುಶ್ರೀ ಅತ್ತೆಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ತನಗೆ ತಲೆ ಬಾಚಿದ ಕೈ, ಉಣ್ಣಿಸಿದ ಕೈ. ಒತ್ತಿಕೊಂಡು ಮೆಲ್ಲಗೆ ಬಿಟ್ಟಳು.

"ಅಪ್ಪಗೆ ನಾನೇ ಫೋನ್ ಮಾಡಿ ಹೇಳ್ತೀನಿ. ವೀರೇಶ್ ಅವರಿಗೂ. ನೀವು ಬೈಸ್ಕೋಬ್ಯಾಡ್ರಿ."

ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜನರೊಳಗೆ ನಡೆದುಹೋದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ತನುಶ್ರೀಗೂ ಅವರಿಗೂ ನಡುವೆ ಏನೋ ಹರಿದುಹೋಗಿತ್ತು. ಅದು ಇನ್ನು ಸುಲಭಕ್ಕೆ ಹೊಲಿಯುವಂಥದ್ದಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಕಣ್ಣೊರೆಸಿಕೊಂಡು ಹಲಗೆಯ ಮುಂದೆ ಬಂದಳು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

"ಕುಂಕುಮ ಕೊಡು."

"ಅಂಬಿಕಾ ಕೊಡ್ತಾಳೆ…"

"ನೀನೇ ಕೊಡು."

"ಇರೋದು ಎಡಗೈ ಕಣ್ರಿ. ಒಳ್ಳೇದಾಗಲ್ಲ."

"ಬಲಗೈಲಿ ಭಾಷೆ ಕೊಟ್ಟಿದ್ದೆ. ಅದನ್ನ ಮಷಿನ್ ತಿಂತು. ಈಗ ಎಡಗೈಲಿ ಕೊಡು. ನಂಗೆ ಅಷ್ಟು ಸಾಕು."

ಅವನ ಕೈ ಹಲಗೆಯ ಮೇಲೆಲ್ಲ ತಡಕಾಡಿತು. ಪೊಟ್ಟಣ ಎತ್ತಿದ, ಬಿತ್ತು. ಮತ್ತೆ ಎತ್ತಿದ. ಅವಳ ಉಡಿಯಲ್ಲಿ ಇಡುವಾಗ ಗಂಡಸು ಎಂಬುದನ್ನೂ ಮರೆತು ಬಿಕ್ಕಿಬಿಕ್ಕಿ ಅತ್ತ. ಅಂಬಿಕಾ ಬೆನ್ನು ತಿರುಗಿಸಿ ನಿಂತು ತಾನೂ ಅತ್ತಳು.

"ನಾನು ತಟ್ಟೆ ಒದಿತೀನಿ ಅಂದ್ನಲ್ಲ… ಅದು ನಿಜ, ತನು."

ತನು! ಅವಳು ಕಣ್ಣು ಮುಚ್ಚಿ ಆ ಹೆಸರನ್ನು ಕೇಳಿದಳು.

"ಒದಿ. ಆಮೇಲೆ ನೀನೇ ಎತ್ತಿಡ್ಬೇಕು. ಒಂದು ಕೈ ಐತಲ್ಲ?"

ಅವನಿಗೆ ಅಳುವಿನ ನಡುವೆಯೇ ನಗು ಬಂತು.

"ಸಂಜಿಗೆ ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದ.

"ಗೊತ್ತಿಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಲಗೆಯಾಚೆಗೆ ಬಂದಳು. ಅವನ ಬಲಗಡೆ ನಿಂತಳು.

"ಈಗ ಗಿರಾಕಿ ಬಂದ್ರು ನೋಡು. ನೀನು ಎತ್ಕೊಡು, ನಾನು ಕೊಡ್ತೀನಿ."